ಪೊರಕೆ ಕೆಳಗಿಟ್ಟು ಕೇಳಿದರು: ‘ಉಳಿದ ಕಥೆ ಎಲ್ಲಿ?’

ಐದಾರು ವರ್ಷ ಓಡಿದ ಧಾರಾವಾಹಿ ಮುಗಿದ ಮಾರನೇ ದಿನ ಊರೂರಲ್ಲೂ ಎರಡು ಸಂಗತಿ ತಪ್ಪದೆ ನಡೆಯುತ್ತವೆ. ನಲ್ಲಿ ಹತ್ತಿರ, ಹಾಲಿನ ಡೇರಿ ಮುಂದೆ, ನರೇಗಾ ಕೆಲಸದ ಬದುವಿನ ಮೇಲೆ ಹೆಂಗಸರು ಬೈಯುತ್ತಾರೆ: ‘ಹಿಂಗಾ ಮುಗಿಸೋದು? ಇಷ್ಟು ವರ್ಷ ಸೊಸೆನ ಗೋಳಾಡಿಸಿದೋಳು ಒಂದು ಸಾರಿ ಕಣ್ಣೀರು ಹಾಕಿದ್ಲು, ಮುಗೀತಾ?’ ಅವರು ಬೈಯುವುದನ್ನು ಕೇಳಿ ಅರಳಿಕಟ್ಟೆ ಮೇಲೆ ಫೋನ್ ಹಿಡಿದು ಕೂತವರು ನಗುತ್ತಾರೆ. ಸಂಜೆಯೊಳಗೆ ವಾಟ್ಸಾಪ್ ಗ್ರೂಪಿಗೆ ಮೀಮ್ ಬಂದಿರುತ್ತದೆ. ಅದನ್ನು ಹಾಕಿದವರು 2023ರ ವಿಶ್ವಕಪ್ ಫೈನಲ್ ಸೋತ ರಾತ್ರಿ ಊಟ ಬಿಟ್ಟು ಮಲಗಿದವರೇ. ಅದು ಬೇರೆ ಮಾತು.

ಈ ಸಿಟ್ಟಿನ ಬಗ್ಗೆ ಬರೆದು ಕಳಿಸುತ್ತೇವೆ ಎಂದರೆ ನಮ್ಮಂಥ ಜಿಲ್ಲಾ ಸ್ಟ್ರಿಂಗರುಗಳಿಗೆ ಡೆಸ್ಕಿನಿಂದ ಬರುವ ಉತ್ತರ ಒಂದೇ: ‘ತಮಾಷೆಯಾಗಿ ಬರೀರಿ, ಬಾಕ್ಸ್ ಐಟಂ ಮಾಡೋಣ.’ ಈರುಳ್ಳಿಗೆ ಬೆಲೆ ಸಿಗಲಿಲ್ಲ ಎಂದು ಗಂಡಸು ಸಿಟ್ಟಾದರೆ ಸುದ್ದಿ. ಕಥೆ ಸರಿಯಾಗಿ ಮುಗಿಯಲಿಲ್ಲ ಎಂದು ಹೆಂಗಸು ಸಿಟ್ಟಾದರೆ ತಮಾಷೆ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಬೇಕಾದರೆ 1988ಕ್ಕೆ, ದೂರದ ಪಂಜಾಬಿಗೆ ಹೋಗಬೇಕು.

ರಮಾನಂದ ಸಾಗರ್ ಅವರ ‘ರಾಮಾಯಣ’ ದೂರದರ್ಶನದಲ್ಲಿ ಶುರುವಾದದ್ದು 1987ರ ಜನವರಿ 25ಕ್ಕೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಈ ಬ್ಲಾಗಿನಲ್ಲಿ ಬರೆಯುವ ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲಿದ್ದರು. ಆದರೆ ಅಪ್ಪ ಅಮ್ಮ ಹೇಳಿದ್ದನ್ನು ನೀವೂ ಕೇಳಿರುತ್ತೀರಿ. ಊರಿಗೆ ಒಂದೋ ಎರಡೋ ಟಿವಿ. ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ, ಕಿಟಕಿ ತುಂಬ ತಲೆ. ಟಿವಿಗೆ ಹೂವಿನ ಹಾರ, ಮುಂದೆ ಊದುಬತ್ತಿ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸಲು ಒಬ್ಬ ಹುಡುಗನ ಡ್ಯೂಟಿ. ಹಿಂದಿ ಬಾರದವರೂ ನೋಡಿದರು. ಮಾತು ತಿಳಿಯದಿದ್ದರೇನು, ಕಥೆ ಗೊತ್ತಿತ್ತಲ್ಲ.

ಮೊದಲು ಒಪ್ಪಿಗೆ ಸಿಕ್ಕಿದ್ದು 52 ಕಂತಿಗೆ. ಅದು ಬೆಳೆದು 78 ಆಯಿತು. 1988ರ ಜುಲೈ 31ಕ್ಕೆ ಕೊನೆಯ ಕಂತು. ರಾವಣ ಸತ್ತ, ರಾಮ ಅಯೋಧ್ಯೆಗೆ ಬಂದ, ಪಟ್ಟಾಭಿಷೇಕವಾಯಿತು, ಶುಭಂ.

ಆದರೆ ವಾಲ್ಮೀಕಿ ರಾಮಾಯಣಕ್ಕೆ ಏಳು ಕಾಂಡ. ಪಟ್ಟಾಭಿಷೇಕ ಬರುವುದು ಆರನೆಯದರ ಕೊನೆಗೆ. ಏಳನೆಯದು ಉತ್ತರಕಾಂಡ: ಬಸುರಿ ಸೀತೆಯನ್ನು ಕಾಡಿಗೆ ಬಿಡುವುದು, ವಾಲ್ಮೀಕಿ ತನ್ನ ಆಶ್ರಮದಲ್ಲಿ ಅವಳಿಗೆ ಆಸರೆ ಕೊಡುವುದು, ಲವಕುಶರು ಹುಟ್ಟಿ ರಾಮನ ಮುಂದೆಯೇ ರಾಮನ ಕಥೆ ಹಾಡುವುದು, ಕಡೆಗೆ ಸೀತೆ ಭೂಮಿಯೊಳಗೆ ಇಳಿದು ಹೋಗುವುದು. ಇದು ಆಮೇಲೆ ಸೇರಿದ ಕಾಂಡ ಎನ್ನುವ ವಿದ್ವಾಂಸರಿದ್ದಾರೆ. ಇರಲಿ ಬಿಡಿ. ಕಥೆ ಕೇಳುವವರಿಗೆ ಅದು ಯಾವತ್ತೂ ಹೊರಗಿನದಾಗಿರಲಿಲ್ಲ. ನಮ್ಮ ಕಡೆ ಯಕ್ಷಗಾನದವರು ‘ಲವಕುಶರ ಕಾಳಗ’ ಆಡುತ್ತಾರೆ. ಲಕ್ಷ್ಮೀಶನ ‘ಜೈಮಿನಿ ಭಾರತ’ ಓದಿಸುತ್ತಿದ್ದ ಊರುಗಳಲ್ಲಿ ಸೀತೆಯನ್ನು ಕಾಡಿಗೆ ಬಿಡುವ ಭಾಗ ಬಂದಾಗ ಕಂಬಕ್ಕೊರಗಿ ಕೂತ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪಟ್ಟಾಭಿಷೇಕಕ್ಕೆ ನಿಲ್ಲಿಸಿದರೆ ಅದು ಗಂಡನ ಕಥೆ ಮುಗಿದ ಹಾಗೆ. ಹೆಂಡತಿಯ ಕಥೆ ಇನ್ನೂ ಬಾಕಿ ಇದೆ.

ಈಗ ಜಲಂಧರಕ್ಕೆ ಬರೋಣ. ಧಾರಾವಾಹಿ ಏಳನೇ ಕಾಂಡ ತೋರಿಸದೆ ಮುಗಿಯುತ್ತದೆ ಎಂದು ಗೊತ್ತಾದಾಗ ಅಲ್ಲಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಕೇಳಿದ್ದು ಸಂಬಳವಲ್ಲ, ಬೋನಸ್ ಅಲ್ಲ, ಕಥೆ. ಮುಷ್ಕರ ಉತ್ತರ ಭಾರತದ ಹಲವು ದೊಡ್ಡ ಊರುಗಳಿಗೆ ಹಬ್ಬಿತು. ರಸ್ತೆಗಳಲ್ಲಿ ಕಸ ಉಳಿಯಿತು, ರೋಗ ಹರಡುವ ಭಯ ಹುಟ್ಟಿತು, ಸರ್ಕಾರ ಬಗ್ಗಿತು. ಉಳಿದ ಕಥೆಯ ಕಂತುಗಳು ಬಂದವು. ‘ಲವ ಕುಶ’ ಎಂದೂ ‘ಉತ್ತರ ರಾಮಾಯಣ’ ಎಂದೂ ಕರೆಯುವ ಆ ಕಂತುಗಳು ಅದೇ ವರ್ಷ ಶುರುವಾಗಿ 1989ರಲ್ಲಿ ಮುಗಿದವು. ಇದು ಕಟ್ಟುಕಥೆಯಲ್ಲ. ಪೌಲಾ ರಿಚ್‌ಮನ್ ಸಂಪಾದಿಸಿ 1991ರಲ್ಲಿ ಹೊರಬಂದ ‘ಮೆನಿ ರಾಮಾಯಣಾಸ್’ ಪುಸ್ತಕದ ಪೀಠಿಕೆಯಲ್ಲೇ ಈ ಮುಷ್ಕರದ ಪ್ರಸ್ತಾಪವಿದೆ.

ಆ ಜನ ಯಾಕೆ ಹಟ ಹಿಡಿದರು? ನಮ್ಮ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ವಾಲ್ಮೀಕಿ ಸಮುದಾಯ ಎಂದರೆ ನಾಯಕರು, ಬೇಡರು. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಅವರ ಗುರುಪೀಠವಿದೆ, ವಾಲ್ಮೀಕಿ ಜಯಂತಿಗೆ ಸರ್ಕಾರಿ ರಜೆ ಇದೆ. ಪಂಜಾಬ್ ಕಡೆ ವಾಲ್ಮೀಕಿ ಎಂಬ ಹೆಸರು ಹೊತ್ತವರು ಬೇರೆ ಸಮುದಾಯ. ಪರಿಶಿಷ್ಟ ಜಾತಿಗೆ ಸೇರಿದವರು. ತಲೆತಲಾಂತರದಿಂದ ಊರಿನ ಕಸ, ಮಲ ಎತ್ತುವ ಕೆಲಸಕ್ಕೆ ಕಟ್ಟಿಹಾಕಿಸಿಕೊಂಡವರು. ಮಹರ್ಷಿ ವಾಲ್ಮೀಕಿ ಅವರಿಗೆ ಗುರು, ದೇವರು.

ಇನ್ನು ಅವರ ಕಡೆಯಿಂದ ಯೋಚಿಸಿ. ಒಂದೂವರೆ ವರ್ಷ ಇಡೀ ದೇಶ ಸ್ನಾನ ಮಾಡಿ, ಚಪ್ಪಲಿ ಬಿಟ್ಟು ಕೂತು ನೋಡಿದ್ದು ನಿಮ್ಮ ಗುರು ಬರೆದ ಕಥೆಯನ್ನು. ಆ ಕಥೆಯೊಳಗೆ ಆ ಗುರು ದೊಡ್ಡವನಾಗಿ ನಿಲ್ಲುವುದು ಏಳನೇ ಕಾಂಡದಲ್ಲಿ. ರಾಜ ಬಿಟ್ಟ ಹೆಂಗಸನ್ನು ಒಳಗೆ ಕರೆದವನು ಅವನು, ರಾಜನ ಮಕ್ಕಳಿಗೆ ವಿದ್ಯೆ ಕಲಿಸಿದವನು ಅವನು. ಸರಿಯಾಗಿ ಅಲ್ಲಿಗೇ ಕತ್ತರಿ ಹಾಕಿ ‘ಮುಗೀತು, ಏಳಿ’ ಅಂದರೆ? ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1993ರಲ್ಲಿ. ಅಂದರೆ 1988ರಲ್ಲಿ ಆ ಕಾನೂನು ಇನ್ನೂ ಹುಟ್ಟಿರಲಿಲ್ಲ. ಅಂಥ ಕಾಲದಲ್ಲಿ ಅವರ ಪಾಲಿಗೆ ತಲೆಯೆತ್ತುವ ಒಂದು ದೃಶ್ಯವಿತ್ತು. ಅದನ್ನು ಕೇಳಿ ಪಡೆದರು. ಇದನ್ನು ‘ಟಿವಿ ಹುಚ್ಚು’ ಎನ್ನುವವರ ಜೊತೆ ನಮಗೆ ಜಗಳವಿದೆ.

ಸಿಕ್ಕಿದ್ದು ಪೂರ್ತಿ ಗೆಲುವು ಎಂದೇನೂ ನಾವು ಹೇಳುವುದಿಲ್ಲ. ಸಾಗರ್ ಅವರ ಉತ್ತರ ರಾಮಾಯಣದಲ್ಲಿ ಸೀತೆ ತಾನಾಗಿಯೇ ಕಾಡಿಗೆ ಹೊರಡುವ ಹಾಗೆ ಮಾಡಿ ರಾಮನ ಮೇಲಿನ ಹೊರೆ ಇಳಿಸಿಬಿಟ್ಟರು. ಗಂಡ ಮನೆಯಿಂದ ಕಳಿಸಿದ್ದನ್ನು ‘ಅವಳೇ ಹೋದ್ಲು’ ಅನ್ನುವ ಮಾತು ಪಂಚಾಯ್ತಿ ಕಟ್ಟೆಯಲ್ಲಿ ನಾವು ಕೇಳದ್ದೇನಲ್ಲ. ಪೊರಕೆ ಕೆಳಗಿಟ್ಟವರ ಬದುಕೂ ಬದಲಾಗಲಿಲ್ಲ. ಕಥೆ ಸಿಕ್ಕಿತು, ಪೊರಕೆ ಮತ್ತೆ ಕೈಗೆ ಬಂತು.

ಆದರೂ ನೋಡುವವರ ಕೈಗೆ ಕಥೆಯ ಹಗ್ಗ ಇಷ್ಟು ಬಲವಾಗಿ ಸಿಕ್ಕ ಉದಾಹರಣೆ ಕಡಿಮೆ. ಅಮೆರಿಕದಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿ ಎಂಟು ಸೀಸನ್ ಓಡಿ 2019ರಲ್ಲಿ ಮುಗಿಯಿತು. ಕೊನೆಯ ಸೀಸನ್ ಕೆಟ್ಟದಾಗಿದೆ, ಮತ್ತೆ ತೆಗೆಯಿರಿ ಎಂದು 10 ಲಕ್ಷಕ್ಕೂ ಹೆಚ್ಚು ಜನ ಇಂಟರ್‌ನೆಟ್‌ನಲ್ಲಿ ಸಹಿ ಹಾಕಿದರು. ಒಂದು ಕಂತೂ ಬದಲಾಗಲಿಲ್ಲ. ಕಂಪ್ಯೂಟರ್ ಮುಂದೆ ಕೂತ 10 ಲಕ್ಷ ಜನರಿಂದ ಆಗದ್ದು ಪೊರಕೆ ಹಿಡಿದವರಿಂದ ಆಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ‘ಹಾಗಾದರೆ ಪ್ರತಿಯೊಂದು ಜಾತಿ, ಪ್ರತಿಯೊಂದು ಗುಂಪು ಬಂದು ಕಥೆ ಹೀಗಿರಬೇಕು ಎಂದು ಬೆದರಿಸಿದರೆ? ಬರೆಯುವವರ ಗತಿ ಏನು?’ ಪ್ರಶ್ನೆ ನ್ಯಾಯವಾದದ್ದೇ. ನಾವೂ ಬರೆಯುವವರೇ, ನಮಗೂ ಬೆದರಿಕೆಯ ಫೋನ್ ಬರುತ್ತವೆ.

ಆದರೆ ಎರಡು ಬಗೆಯ ಸಿಟ್ಟನ್ನು ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ‘ಮುನ್ನೂರು ರಾಮಾಯಣಗಳು’ ಎಂಬ ಅರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದರು. ಆಗಲೇ ಹೇಳಿದ ರಿಚ್‌ಮನ್ ಪುಸ್ತಕದಲ್ಲೇ ಅದಿದೆ. ಅದರಲ್ಲಿ ಅವರು ಕನ್ನಡ ನಾಡಿನ ಒಂದು ಜನಪದ ರಾಮಾಯಣವನ್ನು ತರುತ್ತಾರೆ, ಅಸ್ಪೃಶ್ಯರೆಂದು ದೂರ ಇಟ್ಟ ಸಮುದಾಯದ ಹಾಡುಗಾರ ಹಾಡಿದ್ದು. ಅದರಲ್ಲಿ ರಾವಣನ ಹೆಸರು ರಾವುಳ. ಮಾವಿನ ಹಣ್ಣು ತಿಂದು ಅವನೇ ಬಸುರಿಯಾಗುತ್ತಾನೆ, ದಿನ ತುಂಬಿದಾಗ ಸೀನುತ್ತಾನೆ, ಮೂಗಿನಿಂದ ಹುಟ್ಟಿದ ಹೆಣ್ಣು ಮಗುವೇ ಸೀತೆ. ‘ಸೀತ’ ಅಂದರೆ ಕನ್ನಡದಲ್ಲಿ ಸೀನಿದ ಎಂದಲ್ಲವೇ. ಎಂಥ ತಲೆ ನೋಡಿ! ಈ ಪ್ರಬಂಧ ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿತ್ತು. ಕೆಲವರು ಗಲಾಟೆ ಮಾಡಿದರು. 2011ರಲ್ಲಿ ಅದನ್ನು ಪಠ್ಯದಿಂದ ತೆಗೆದರು.

ದೆಹಲಿಯ ಗಲಾಟೆಯವರು ಹೇಳಿದ್ದು ‘ನಿಲ್ಲಿಸಿ’ ಎಂದು. ಜಲಂಧರದವರು ಹೇಳಿದ್ದು ‘ಮುಂದೆ ಹೇಳಿ’ ಎಂದು. ಒಬ್ಬರು ಬಾಯಿ ಮುಚ್ಚಿಸಲು ಬಂದವರು, ಇನ್ನೊಬ್ಬರು ಬಾಯಿ ತೆರೆಸಲು ಬಂದವರು. ಪೌರಕಾರ್ಮಿಕರು ಪಟ್ಟಾಭಿಷೇಕ ತೆಗೆದುಹಾಕಿ ಎಂದು ಕೇಳಲಿಲ್ಲ, ಯಾರ ಪಾತ್ರವನ್ನೂ ಕತ್ತರಿಸಿ ಎಂದು ಕೇಳಲಿಲ್ಲ. ಅದು ಸರ್ಕಾರಿ ಚಾನೆಲ್, ಆಗ ದೇಶದಲ್ಲಿ ಖಾಸಗಿ ಚಾನೆಲ್ಲೇ ಇರಲಿಲ್ಲ. ತಮ್ಮ ತೆರಿಗೆಯ, ತಮ್ಮ ದೇಶದ ಒಂದೇ ಒಂದು ಟಿವಿ ತಮ್ಮ ಗುರುವಿನ ಕಥೆಯನ್ನು ಪೂರ್ತಿ ಹೇಳಲಿ ಎಂದರು. ಇದರಲ್ಲಿ ಬರೆಯುವವನಿಗೆ ಹೆದರಿಕೆ ಎಲ್ಲಿದೆ? ಕಥೆ ಇನ್ನಷ್ಟು ಬೇಕು ಎನ್ನುವ ಸಿಟ್ಟು ಬರೆಯುವವನಿಗೆ ಸಿಗುವ ಮರ್ಯಾದೆ. ನಮ್ಮ ಕುವೆಂಪು ತಮ್ಮ ರಾಮಾಯಣದಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಅವರೂ ಹಳೆಯ ಕಥೆಯಲ್ಲಿ ಏನೋ ಬಾಕಿ ಉಳಿದಿದೆ ಅನ್ನಿಸಿದವರೇ.

2020ಕ್ಕೆ ಬನ್ನಿ. ಲಾಕ್‌ಡೌನ್ ಶುರುವಾಗಿ ಕೆಲವೇ ದಿನಕ್ಕೆ, ಮಾರ್ಚ್ 28ಕ್ಕೆ, ದೂರದರ್ಶನ ಅದೇ ‘ರಾಮಾಯಣ’ವನ್ನು ಮತ್ತೆ ಹಾಕಿತು. ಏಪ್ರಿಲ್‌ನಲ್ಲಿ ಒಂದೇ ದಿನ 7.7 ಕೋಟಿ ಜನ ನೋಡಿದರು, ವಿಶ್ವ ದಾಖಲೆ ಎಂದು ದೂರದರ್ಶನ ಹೇಳಿಕೊಂಡಿತು. ಪಟ್ಟಾಭಿಷೇಕ ಮುಗಿದ ಮೇಲೆ ಸಾಲಾಗಿ ಉತ್ತರ ರಾಮಾಯಣವೂ ಬಂತು. ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತು ಆ ಕಂತುಗಳನ್ನು ನೋಡುವಾಗ ಹೊರಗೆ ರಸ್ತೆಯಲ್ಲಿದ್ದವರು ಯಾರು? ಪೌರಕಾರ್ಮಿಕರು. 1988ರಲ್ಲಿ ಪೊರಕೆ ನಿಂತಿದ್ದರಿಂದ ಹುಟ್ಟಿದ ಕಂತುಗಳವು. 2020ರಲ್ಲಿ ಎಲ್ಲ ನಿಂತು, ಪೊರಕೆ ಮಾತ್ರ ಓಡಾಡುತ್ತಿತ್ತು. ಕೆಲವು ಕಡೆ ಅವರ ಮೇಲೆ ಹೂವು ಚೆಲ್ಲಿದರು. ಹೂವಿನಿಂದ ಸಂಬಳದ ಚೀಟಿ ಬರುವುದಿಲ್ಲವಲ್ಲ. 2022ರ ಜುಲೈನಲ್ಲಿ ನಮ್ಮ ರಾಜ್ಯದ ಪೌರಕಾರ್ಮಿಕರು ‘ಖಾಯಂ ಮಾಡಿ’ ಎಂದು ಪೊರಕೆ ಕೆಳಗಿಟ್ಟರು. ಕೆಲವೇ ದಿನಕ್ಕೆ ಸರ್ಕಾರ ಮಾತುಕತೆಗೆ ಬಂತು, ಸೆಪ್ಟೆಂಬರಿನಲ್ಲಿ 11,133 ಮಂದಿಯನ್ನು ಖಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಆಗ ಯಾರೂ ಅದನ್ನು ಬಾಕ್ಸ್ ಐಟಂ ಎನ್ನಲಿಲ್ಲ.

ಇನ್ನು ನಮ್ಮ ಕನ್ನಡ ಧಾರಾವಾಹಿಗಳ ಮಾತು. ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’ 2018ರಲ್ಲಿ ಶುರುವಾಗಿತ್ತು. ಓದಿ ಅಧಿಕಾರಿಯಾಗುವ ಹೆಣ್ಣುಮಗಳ ಕಥೆ. 2020ರ ಕೊರೊನಾ ಹೊತ್ತಿಗೆ ಕೊನೆ ಮುಟ್ಟದೆ ನಿಂತುಹೋಯಿತು. ಹೆಸರು ನೋಡಿ, ಜಾನಕಿ. ಇವಳ ಕಥೆಯೂ ಅರ್ಧಕ್ಕೇ. ಚಿತ್ರೀಕರಣ ಬಂದ್ ಆಗಿತ್ತು, ಜಾಹೀರಾತು ಇರಲಿಲ್ಲ, ಚಾನೆಲ್‌ಗಳಿಗೂ ಕಷ್ಟವಿತ್ತು, ಒಪ್ಪುತ್ತೇವೆ. ಅದೇ ದಿನಗಳಲ್ಲಿ ಖಾಲಿ ಬಿದ್ದ ಸಮಯಕ್ಕೆ ಹಿಂದಿಯ ಪುರಾಣ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬಂದವು. ಅದನ್ನು ಇಷ್ಟಪಟ್ಟು ನೋಡಿದವರೂ ಬಹಳ ಮಂದಿ. ನಮ್ಮ ತಕರಾರು ಡಬ್ಬಿಂಗ್ ಮೇಲಲ್ಲ. ಎರಡು ವರ್ಷ ದಿನಾ ರಾತ್ರಿ ಸಾರಿಗೆ ಒಗ್ಗರಣೆ ಹಾಕಿ ಬಂದು ಕೂತ ಹೆಂಗಸಿಗೆ ಜಾನಕಿ ಏನಾದಳು ಎಂದು ತಿಳಿಯುವ ಹಕ್ಕು ಇತ್ತೋ ಇಲ್ಲವೋ ಎನ್ನುವುದರ ಮೇಲೆ.

ಇಲ್ಲ ಎನ್ನುತ್ತದೆ ಟಿಆರ್‌ಪಿ ಲೆಕ್ಕ. ಆ ಲೆಕ್ಕ ಹೇಗೆ ನಡೆಯುತ್ತದೆ ಎಂದು ಒಮ್ಮೆ ನೋಡಿ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇರುವ ಮನೆ ಸುಮಾರು 21 ಕೋಟಿ. ಯಾರು ಏನು ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇದ್ದ ಮನೆ ಸುಮಾರು 44 ಸಾವಿರ. ಭಾಗಿಸಿ ನೋಡಿ, ಸುಮಾರು 4,800 ಮನೆಗೆ ಒಂದು ಮೀಟರ್. ನಿಮ್ಮ ಊರು, ಪಕ್ಕದ ಊರು, ಅದರಾಚೆಯ ನಾಲ್ಕೈದು ಊರು ಸೇರಿಸಿದರೂ ಒಂದು ಮೀಟರ್ ಬರುವುದು ಕಷ್ಟ. ಇನ್ನೂ ಒಂದು ಸಂಗತಿ ಇದೆ, ಇದನ್ನು ಓದಿದಾಗ ನಮಗೇ ಕೋಪ ಬಂತು. ಹಳ್ಳಿ ಮನೆಗಳು ಆ ರೇಟಿಂಗ್ ಲೆಕ್ಕಕ್ಕೆ ಸೇರಿದ್ದೇ 2015ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ ಯಾವ ಧಾರಾವಾಹಿ ಉಳಿಯಬೇಕು, ಯಾವುದು ಸಾಯಬೇಕು ಎಂದು ತೀರ್ಮಾನಿಸಿದ್ದು ಪೇಟೆಯ ಮನೆಗಳು. ಹಳ್ಳಿಯ ಹೆಂಗಸು ಗಂಟೆಗಟ್ಟಲೆ ನೋಡಿದರೂ ಲೆಕ್ಕದಲ್ಲಿ ಅವಳು ಟಿವಿ ಹಾಕಿಯೇ ಇರಲಿಲ್ಲ. ಸೋಪು, ಚಹಾಪುಡಿ ಕೊಳ್ಳುವಾಗ ಮಾತ್ರ ಅವಳೂ ಗಿರಾಕಿ.

ಸೂಕ್ಷ್ಮ ಏನೆಂದರೆ, ಟಿಆರ್‌ಪಿ ಯಂತ್ರಕ್ಕೆ ಗೊತ್ತಾಗುವುದು ಟಿವಿ ಹಾಕಿದ್ದು, ಆರಿಸಿದ್ದು, ಚಾನೆಲ್ ಬದಲಿಸಿದ್ದು. ಬೈದುಕೊಂಡು ನೋಡಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದಲೇ ರೇಟಿಂಗ್ ಇರುವ ತನಕ ಸತ್ತವರನ್ನು ಎಬ್ಬಿಸಿ, ನೆನಪು ಕಳೆದು, ಒಬ್ಬರಿಗೆ ಎರಡು ಪಾತ್ರ ಕೊಟ್ಟು ಕಥೆಯನ್ನು ಚೂಯಿಂಗ್ ಗಮ್ ಹಾಗೆ ಎಳೆಯುತ್ತಾರೆ. ರೇಟಿಂಗ್ ಬಿದ್ದ ವಾರವೇ ಐದು ವರ್ಷದ ಗಂಟನ್ನು ಎರಡು ಕಂತಿನಲ್ಲಿ ಬಿಚ್ಚಿ, ಎಲ್ಲರನ್ನೂ ಒಂದು ದೇವಸ್ಥಾನದ ಮುಂದೆ ನಿಲ್ಲಿಸಿ ಫೋಟೊ ತೆಗೆದು ‘ವಂದನೆಗಳು’ ಎಂದು ಹಾಕಿಬಿಡುತ್ತಾರೆ. ಕೊನೆಯ ಕಂತಿಗೆ ಬರುವ ಸಿಟ್ಟು ಬರೀ ಕೊನೆಯ ಕಂತಿನ ಮೇಲಿನದಲ್ಲ. ಎಳೆದಷ್ಟೂ ದಿನ ತಾಳ್ಮೆಯಿಂದ ಕೂತವರಿಗೆ, ಮುಗಿಸುವಾಗ ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು ಅದು.

ಬಯಲಾಟದವರನ್ನು ನೋಡಿ ಕಲಿಯಬೇಕು. ಮಳೆ ಬರಲಿ, ಗ್ಯಾಸ್‌ಲೈಟ್ ಆರಲಿ, ವೇಷಧಾರಿಗೆ ಗಂಟಲು ಕಟ್ಟಲಿ, ಮಂಗಳ ಹಾಡದೆ ಮೇಳ ಗಂಟು ಕಟ್ಟುವುದಿಲ್ಲ. ಮುಂದೆ ನಾಲ್ಕೇ ಜನ ಕಂಬಳಿ ಹೊದ್ದು ಕೂತಿದ್ದರೂ ಹಾಡುತ್ತಾರೆ. ಭಾಗವತರಿಗೆ ಟಿಆರ್‌ಪಿ ಕಳಿಸುವವರು ಯಾರೂ ಇರಲಿಲ್ಲ.

ಚಾನೆಲ್‌ಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಧಾರಾವಾಹಿ ನಿಲ್ಲಿಸುವುದಾದರೆ ಒಂದು ತಿಂಗಳು ಮುಂಚೆ ಪರದೆ ಮೇಲೆ ತಿಳಿಸಲಿ. ಬರೆಯುವವರಿಗೆ ಮುಗಿಸಲು ಅಷ್ಟು ಕಂತು ಕೊಡಲಿ. ಅದೂ ಆಗದ ಸಂದರ್ಭ ಬಂದರೆ, ಕೊರೊನಾದಂಥದ್ದು, ನಿರ್ದೇಶಕರನ್ನು ಅರ್ಧ ಗಂಟೆ ಕ್ಯಾಮೆರಾ ಮುಂದೆ ಕೂರಿಸಿ ಉಳಿದ ಕಥೆಯನ್ನು ಬಾಯಲ್ಲೇ ಹೇಳಿಸಲಿ. ಅದಕ್ಕೆ ಸೆಟ್ಟೂ ಬೇಡ, ಮೇಕಪ್ಪೂ ಬೇಡ. ನಮ್ಮ ಜನ ಕೇಳುತ್ತಾರೆ, ಹರಿಕಥೆ ಕೇಳಿ ಬೆಳೆದವರು. ‘ಉಳಿದದ್ದು ಆ್ಯಪ್‌ನಲ್ಲಿ ನೋಡಿ’ ಎನ್ನುವುದು ಮಾತ್ರ ಬೇಡ. ಮನೆಯ ಒಂದೇ ಸ್ಮಾರ್ಟ್‌ಫೋನ್ ಮಗನ ಜೇಬಿನಲ್ಲಿರುತ್ತದೆ, ಅತ್ತೆ ಸೊಸೆ ಇಬ್ಬರಿಗೂ ಸಿಗುವುದು ಟಿವಿ ಮಾತ್ರ.

ಕಾರ್ಯಕ್ರಮಗಳ ಬಗ್ಗೆ ದೂರಿದ್ದರೆ ಹೇಳಿ ಎಂದು ಚಾನೆಲ್‌ಗಳು ಪರದೆಯ ಕೆಳಗೆ ಆಗಾಗ ಒಂದು ವಿಳಾಸ ಓಡಿಸುತ್ತವೆ. ಅಶ್ಲೀಲ, ಹಿಂಸೆ, ಮೂಢನಂಬಿಕೆ, ಮಕ್ಕಳಿಗೆ ಕೆಟ್ಟದ್ದು, ಇವಕ್ಕೆಲ್ಲ ದೂರು ಕೊಡಬಹುದು, ಕೊಡಬೇಕು. ಕಥೆ ಮುಗಿಸದೆ ಹೋದರು ಎಂಬುದಕ್ಕೆ ಅಲ್ಲಿ ಕಲಂ ಇಲ್ಲ. ಅದಕ್ಕೇ ಒಂದು ಕೆಲಸ ಮಾಡೋಣ ಎಂದುಕೊಂಡಿದ್ದೇವೆ. ನೀವು ನೋಡುತ್ತಿದ್ದ ಧಾರಾವಾಹಿ ಅರ್ಧಕ್ಕೆ ನಿಂತಿದ್ದರೆ ಅದರ ಹೆಸರು, ಯಾವ ವರ್ಷ ನಿಂತಿತು, ನಿಮಗೆ ತಿಳಿಯದೆ ಉಳಿದದ್ದು ಏನು, ಇಷ್ಟನ್ನು ನಮಗೆ ಕಳಿಸಿ. ಟೈಪ್ ಮಾಡಲು ಬಾರದ ಅಮ್ಮ, ಅಜ್ಜಿ ಇದ್ದರೆ ವಾಯ್ಸ್ ಮೆಸೇಜ್ ಮಾಡಿಸಿ, ಅವರ ಬೈಗುಳವೂ ಹಾಗೇ ಇರಲಿ. ಎಲ್ಲ ಸೇರಿಸಿ ಆಯಾ ಚಾನೆಲ್‌ಗೆ ಕಳಿಸುತ್ತೇವೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.